ಫಿಲ್ಮಿನ ಅಂಚು ಕಪ್ಪಾಗುತ್ತಿತ್ತು, ತಪ್ಪು ಪವರ್‌ದಲ್ಲ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಲೇಸರ್ ಅಂಗಡಿ. 25 ಮೈಕ್ರಾನ್ ದಪ್ಪದ ಪಾಲಿಇಮೈಡ್ (ಬಿಸಿ ತಡೆಯುವ ಪ್ಲಾಸ್ಟಿಕ್) ಫಿಲ್ಮ್ ಕತ್ತರಿಸುವ ಕೆಲಸ ಬಂತು. 355 ನ್ಯಾನೋಮೀಟರಿನ ಯುವಿ (ನೇರಳಾತೀತ) ಲೇಸರ್ ಮಷೀನೇ ಇದೆ, ಚಿಂತೆ ಯಾಕೆ ಅಂದುಕೊಂಡೆ. ಅಂಚು ನೋಡಿದರೆ ಹಂಚಿನ ಮೇಲೆ ಮರೆತ ದೋಸೆ! ಬೆರಳಿಟ್ಟರೆ ಮಸಿ.

ಪವರ್ ಇಳಿಸಿದೆ. ಕಪ್ಪು ಹೋಗಲಿಲ್ಲ, ಫಿಲ್ಮೂ ಸರಿಯಾಗಿ ತುಂಡಾಗಲಿಲ್ಲ.

ಆಮೇಲೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಸೆಕೆಂಡಿಗೆ 60,000 ಪಲ್ಸ್, ವೇಗ 200 ಮಿಲಿಮೀಟರ್. ಅಂದರೆ ಮೂರು ಚಿಲ್ಲರೆ ಮೈಕ್ರಾನಿಗೊಂದು ಏಟು. ಲೇಸರ್ ಬೀಳುವ ಚುಕ್ಕಿಯೇ 20 ಮೈಕ್ರಾನ್ ಅಗಲ ಅಲ್ವಾ? ಒಂದೇ ಜಾಗಕ್ಕೆ ಆರು ಏಟು, ಆರಲು ಪುರುಸೊತ್ತೇ ಇಲ್ಲ. ಯುವಿ ಪಲ್ಸನ್ನು ತೆಳು ಮೇಲ್ಪದರವೇ ಹೀರಿಕೊಂಡು ಸಿಡಿದು ಹಾರುತ್ತದೆ, ಬಿಸಿಯನ್ನೂ ಜಾಸ್ತಿ ಪಾಲು ಒಯ್ಯುತ್ತದೆ. ಉಳಿದ ಬಿಸಿ ಇಲ್ಲಿ ಏಟಿನ ಮೇಲೆ ಏಟು ಬಿದ್ದು ಜಮಾ ಆಗಿ ಅಂಚು ಸುಡುತ್ತಿತ್ತು. (ಐಬಿಎಂನ ರಂಗಸ್ವಾಮಿ ಶ್ರೀನಿವಾಸನ್ 1982ರಲ್ಲಿ 193 ನ್ಯಾನೋಮೀಟರ್ ಪಲ್ಸಿನಿಂದ ಪಿಇಟಿ ಪ್ಲಾಸ್ಟಿಕ್ ಹಾಳೆ ಕೆತ್ತಿದ್ದನ್ನು ಪ್ರಕಟಿಸಿದ್ದರು. ಅದೇ ಬೆಳಕು ಮುಂದೆ ಕಣ್ಣಿನ ಲೇಸಿಕ್ ಶಸ್ತ್ರಚಿಕಿತ್ಸೆಗೂ ಬಂತು.)

ಪವರ್ ಮೊದಲಿನಷ್ಟೇ ಇಟ್ಟೆ. ವೇಗ 900, ಒಂದೇ ಸಲದ ಬದಲು 22 ಸುತ್ತು, ನಡುವೆ ಚೂರು ಬಿಡುವು, ಪಕ್ಕದಿಂದ ಗಾಳಿ. ಉಳಿದ ತೆಳು ಮಸಿ ಐಸೊಪ್ರೊಪೈಲ್ ಆಲ್ಕೋಹಾಲಿನ ಒಂದು ಒರೆಸಿಗೇ ಹೋಯಿತು. ಅಂಚೀಗ ಜೇನುಬಣ್ಣ, ಫಿಲ್ಮಿನದ್ದೇ.