ಮಾಡಿಫೈ ಮಾಡಿದ ಪೋಲೋ ಜಿಟಿ ಬಿಡಿಬಿಡಿಯಾಗಿ ಮಾರಿದೆ: ನನ್ನ ಅನುಭವ

ಕಾರು ಬೇರೆ, ಅದಕ್ಕೆ ಹಾಕಿಸಿದ ಸಾಮಾನು ಬೇರೆ ಮಾರುತ್ತೇನೆ ಎಂದಾಗ "ಹಾಗೆಲ್ಲ ಮಾರಕ್ಕಾಗಲ್ಲ ಮಗಾ, ಸುಮ್ನೆ ಡೀಲರಿಗೆ ಕೊಟ್ಟು ಕೈ ತೊಳ್ಕೋ" ಎಂದು ಗ್ಯಾರೇಜಿನಲ್ಲಿ ನಾಲ್ಕು ಜನ ಹೇಳಿದ್ದರು. ಹೋದ ತಿಂಗಳು ನನ್ನ 2015ರ ಪೋಲೋ ಜಿಟಿ ಟಿಎಸ್‌ಐ ಹೆಚ್ಚುಕಡಿಮೆ ನಾನಂದುಕೊಂಡ ಬೆಲೆಗೇ ಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿಯಲ್ಲಿ ಸ್ಟೇಜ್ 1 ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು), ಇಂಟೇಕ್, ಎಕ್ಸಾಸ್ಟ್, ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್), 17 ಇಂಚಿನ ಅಲಾಯ್ ಚಕ್ರ, ಮೇಲೆ ಮ್ಯಾಟ್ ಗ್ರೇ ಹಾಳೆಯ ರ‍್ಯಾಪ್ ಇತ್ತು. ಬಿಲ್ ಇರುವುದಷ್ಟೇ ಸೇರಿಸಿದರೂ 2.6 ಲಕ್ಷ ಸುರಿದಿದ್ದೆ. ಮೊದಲು ಎಲ್ಲ ಸೇರಿಸಿ 7.25 ಲಕ್ಷಕ್ಕೆ ಜಾಹೀರಾತು ಹಾಕಿದೆ. ಎರಡು ತಿಂಗಳು ಫೋನ್ ಬಂದಿದ್ದೇ ಬಂದಿದ್ದು. ಒಬ್ಬ ಡೀಲರ್ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿ, ಕಾಲಿನಿಂದ ಸೈಲೆನ್ಸರ್ ತಟ್ಟಿ, "4.25, ಅದೂ ನಿಮ್ಮ ಮುಖ ನೋಡಿ" ಎಂದ. ಆಮೇಲೆ ಇನ್ನೊಬ್ಬ ಹತ್ತು ಸಾವಿರ ಟೋಕನ್ ಕೊಟ್ಟು ಮೂರು ವಾರ ಕಾಯಿಸಿ, ಕೊನೆಗೆ ಟೋಕನ್ನೂ ವಾಪಸ್ ಇಸ್ಕೊಂಡು ಹೋದ. ಆ ಮೂರು ವಾರದಲ್ಲಿ ನಾನು ಇಬ್ಬರಿಗೆ ಇಲ್ಲ ಅಂದಿದ್ದೆ.

ಮೂರನೆಯದು ಅದಲುಬದಲು. ಬೆಳ್ಳಂದೂರು ಕಡೆಯವರು, ಅವರ ಸೆಡಾನ್ ಜೊತೆಗೆ ಒಂದು ಲಕ್ಷ ಕೊಡುತ್ತೇನೆ ಎಂದರು. ಗಾಡಿ ಹೊರಗಡೆ ಥಳಥಳ. ನನಗೆ 2022ರ ಸೆಪ್ಟೆಂಬರ್ ಮಳೆ ನೆನಪಾಯಿತು. ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟಿನಲ್ಲಿ ಗಾಡಿಗಳು ಮುಳುಗಿದ್ದು ನಾವೆಲ್ಲ ನೋಡಿದ್ದೇವೆ ಅಲ್ವಾ. ಮುಂದಿನ ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೂ ಎಳೆದೆ. ಮೊದಲ ಎರಡು ಮೊಳ ಹೊಸದರ ಹಾಗೆ ಕಪ್ಪಗಿತ್ತು. ಆಮೇಲೆ ಅಡ್ಡಕ್ಕೆ ಒಂದು ಕಂದು ಗೆರೆ, ಅದರಾಚೆ ಬಟ್ಟೆ ಗಂಜಿ ಹಾಕಿದಂತೆ ಬಿರುಸು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಬೋಲ್ಟ್ ಬುಡದಲ್ಲಿ ಒಣಗಿದ ಕೆಸರು. ನಮಸ್ಕಾರ ಹೇಳಿ ಬಂದೆ. ಅದಲುಬದಲು ಮಾಡುವವರು ಹೀಗೆ ಬೆಲ್ಟ್ ಎಳೆದು ನೋಡುವುದನ್ನು ಬಿಡಬೇಡಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ತೆಗೆಸಿದ್ದಾರಾ ಎಂದೂ ನೋಡಿ.

ಆಗ ತೀರ್ಮಾನ ಮಾಡಿದೆ, ಗಾಡಿ ಬೇರೆ, ಸಾಮಾನು ಬೇರೆ. ಅಟ್ಟದ ಮೇಲಿದ್ದ ಒರಿಜಿನಲ್ ಸಾಮಾನೆಲ್ಲ ಇಳಿಸಿ ಹಾಕಿಸಿದೆ, ರ‍್ಯಾಪ್ ಕೀಳಿಸಿದೆ, ರೀಮ್ಯಾಪ್ ಮಾಡಿದ ಟ್ಯೂನರ್ ಹತ್ತಿರ ಸ್ಟಾಕ್ (ಕಂಪನಿಯ ಮೂಲ) ಫೈಲ್ ವಾಪಸ್ ಹಾಕಿಸಿದೆ. ಲೇಬರ್ ಎಲ್ಲ ಸೇರಿ ಹದಿನಾರು ಸಾವಿರದ ಆಸುಪಾಸು. ಒಂದೇ ಹಾಳೆಯಲ್ಲಿ ಪಟ್ಟಿ ಬರೆದೆ. ಮೇಲೆ ಗಾಡಿ 5.75, ಕೆಳಗೆ ಒಂದೊಂದು ಸಾಮಾನು, ಒಂದೊಂದು ಬೆಲೆ. ಹೋಟೆಲ್ ಬೋರ್ಡಿನ ಹಾಗೆ.

ನಡುವೆ ಒಂದು ಪರೀಕ್ಷೆ ಮಾಡಿದೆ. ಮಾಡಿಫೈ ಇದ್ದಾಗಿನ ಹಳೆಯ ಫೋಟೋ ಇಟ್ಟು ಒಂದು ಜಾಹೀರಾತು, ಒರಿಜಿನಲ್ ಸಾಮಾನು ಹಾಕಿಸಿದ ಮೇಲಿನ ಫೋಟೋ ಇಟ್ಟು ಇನ್ನೊಂದು. ಒಂದು ವಾರದಲ್ಲಿ ಮೊದಲನೆಯದಕ್ಕೆ ನಲವತ್ತು ಫೋನ್ ಬಂದಿರಬೇಕು, ಮನೆಗೆ ಬಂದವರು ಇಬ್ಬರೇ. ಎರಡನೆಯದಕ್ಕೆ ಹತ್ತೋ ಹನ್ನೊಂದೋ ಫೋನ್, ಬಂದವರು ನಾಲ್ಕು ಜನ. ಫೋನಿನಲ್ಲೇ ಜನರನ್ನು ಸೋಸಲು ನಾನು ಕೇಳುವ ಪ್ರಶ್ನೆಯೊಂದಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಗಾಡಿ ಮಾರುವುದಿದೆ.

ಇದರ ಜೊತೆ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಚಕ್ರಗಳನ್ನೂ ತೂಗಿಸಿದೆ. ನನ್ನ 17 ಇಂಚಿನದು ಟೈರ್ ಸಮೇತ ಒರಿಜಿನಲ್‌ಗಿಂತ ಮೂರು ಮೂರೂವರೆ ಕಿಲೋ ಜಾಸ್ತಿ. ಐದು ವರ್ಷ ಅಷ್ಟು ಭಾರ ಹೊತ್ತು ತಿರುಗಿದ್ದೆ! ಸ್ಟಾಕ್ ಚಕ್ರ ಹಾಕಿದ ಮೇಲೆ ಕನಕಪುರ ರಸ್ತೆಯಲ್ಲಿ ಓಡಿಸಿದೆ, ಗಾಡಿ ಹಗುರಾಗಿ ಹಾರಿತು.

ಕೊಂಡವರು ರಾಜಾಜಿನಗರದ ತಂದೆ, ಮಗ. ಭಾನುವಾರ ಬೆಳಿಗ್ಗೆ ಏಳಕ್ಕೆ ಬರಲು ಹೇಳಿದ್ದೆ. ತಣ್ಣಗಿರುವ ಎಂಜಿನ್ ಶುರು ಮಾಡಿದಾಗಲೇ ಅದರ ದೋಷ ಗೊತ್ತಾಗುವುದು, ಅದಕ್ಕೇ ಅವರು ಬರುವ ತನಕ ಎಂಜಿನ್ ಮುಟ್ಟಲಿಲ್ಲ. ಬಂದವರೇ ಹಿರಿಯರು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು, ತಣ್ಣಗಿತ್ತು. ಏನೂ ಮಾತಾಡದೆ ತಲೆಯಾಡಿಸಿದರು. ಅಲ್ಲೇ ಅರ್ಧ ವ್ಯಾಪಾರ ಆಗಿತ್ತು. ಮೂವತ್ತೆಂಟು ಸಾವಿರ ಕಿಲೋಮೀಟರ್ ರೀಮ್ಯಾಪ್‌ನಲ್ಲಿ ಓಡಿದೆ ಎಂದು ನಾನೇ ಮೊದಲು ಹೇಳಿದೆ. ಮಗ ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಬಗ್ಗೆ ಕೇಳಿದ. ಎಂಜಿನ್ ಶಕ್ತಿ ಅಳೆದ ಡೈನೋ ಹಾಳೆ ಕೊಟ್ಟೆ. ಈ ಏಳು ಗೇರಿನ ಡಿಎಸ್‌ಜಿ ತಡೆಯುವ ಟಾರ್ಕ್ (ತಿರುಗಿಸುವ ಬಲ) 250 ಎನ್‌ಎಂ, ನನ್ನ ಮ್ಯಾಪ್ 230ರ ಸುತ್ತ ಇತ್ತು. ಸ್ಕ್ಯಾನ್ ರಿಪೋರ್ಟ್ ಅವರದೇ ಮೆಕ್ಯಾನಿಕ್ ತೆಗೆದ.

ಆಮೇಲೆ ಹಿರಿಯರು ಪಟ್ಟಿ ಹಿಡಿದು ಕೂತರು. ಜೇಬಿನಿಂದ ಪೆನ್ ತೆಗೆದು ಎಕ್ಸಾಸ್ಟ್ ಹೊಡೆದು ಹಾಕಿದರು, ಅಲಾಯ್ ಹೊಡೆದು ಹಾಕಿದರು, ಕಾಯಿಲ್‌ಓವರ್ ಹೊಡೆದು ಹಾಕಿದರು. ಮಗ ಪಕ್ಕದಲ್ಲಿ ನೋಡುತ್ತಲೇ ಇದ್ದ. "ಇದೇನಪ್ಪಾ?" ಎಂದರು. "ಇಂಟೇಕ್ ಸಾರ್, ಗಾಳಿ ಎಳೆಯೋದು." "ಸರಿ, ಇವನಿಗೆ ಇದೊಂದಿರಲಿ."

ಚೌಕಾಸಿಯೆಲ್ಲ ಸಾಮಾನಿನ ಮೇಲೆ ಖರ್ಚಾಗಿ ಹೋಯಿತು. ಗಾಡಿಯ ಬೆಲೆಯಲ್ಲಿ ಇಳಿದದ್ದು ಹದಿನೈದು ಸಾವಿರ ಮಾತ್ರ. ಗಾಡಿ 5.6 ಲಕ್ಷ, ಇಂಟೇಕ್ ಎಂಟು ಸಾವಿರ. ಅಲಾಯ್ 38 ಸಾವಿರಕ್ಕೆ, ಎಕ್ಸಾಸ್ಟ್ 20 ಸಾವಿರಕ್ಕೆ ಬೇರೆಯವರಿಗೆ ಹೋದವು. ಲೇಬರ್ ಕಳೆದು 6.1 ಲಕ್ಷ ಕೈಗೆ ಬಂತು. ಡೀಲರ್ ಹೇಳಿದ್ದು 4.25.

ಪೇಪರ್ ವಿಷಯದಲ್ಲಿ ನಾನು ಹಠಮಾರಿ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಅರ್ಜಿ ಆರ್‌ಟಿಓ ಸೇರಿದ ಮೇಲೆಯೇ ಕೀ ಕೊಟ್ಟೆ. "ಆಮೇಲೆ ಮಾಡಿಸ್ಕೋತೀವಿ" ಅಂದರೆ ಒಪ್ಪಬೇಡಿ. ಆರ್‌ಸಿಯಲ್ಲಿ ಹೆಸರಿದ್ದವನೇ ಮಾಲೀಕ, ಅಪಘಾತದ ಪರಿಹಾರ ಅವನ ತಲೆಗೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಫಾಸ್ಟ್ಯಾಗ್ ಅವತ್ತೇ ಮುಚ್ಚಿಸಿದೆ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ವಿಮೆಯಲ್ಲಿ ಸಿಗುವ ರಿಯಾಯಿತಿ) ಗಾಡಿಯದಲ್ಲ, ನಮ್ಮದು. ವಿಮೆಯವರಿಂದ ಪತ್ರ ಬರೆಸಿ ಇಟ್ಟುಕೊಂಡಿದ್ದೇನೆ.

ಕಾಯಿಲ್‌ಓವರ್ ಇನ್ನೂ ಅಟ್ಟದ ಮೇಲಿದೆ. ನಲವತ್ತೈದು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ ಇಲ್ಲ. ಹೋದ ವಾರ ಆ ಹುಡುಗ ಫೋನ್ ಮಾಡಿದ್ದ: "ಅಣ್ಣಾ, ಅದು ಇನ್ನೂ ಇದೆಯಾ? ಅಪ್ಪನ್ನ ಒಪ್ಪಿಸ್ತಾ ಇದೀನಿ."