ಡೊಮೇನ್ ಸರ್ವರ್ ಬಿದ್ದರೆ ಎಬ್ಬಿಸುವುದು ಹೇಗೆ: ಆಕ್ಟಿವ್ ಡೈರೆಕ್ಟರಿಯ ಬ್ಯಾಕಪ್, ರಿಸ್ಟೋರ್

ಮೊದಲು ನಿಮ್ಮಲ್ಲಿ ಡೊಮೇನ್ ಕಂಟ್ರೋಲರ್ (ಡಿಸಿ) ಎಷ್ಟಿವೆ ಎಂದು ಎಣಿಸಿ: ಕಚೇರಿಯ ಯೂಸರ್, ಕಂಪ್ಯೂಟರ್ ಖಾತೆಗಳ ಪಟ್ಟಿಯಾದ ಆಕ್ಟಿವ್ ಡೈರೆಕ್ಟರಿಯನ್ನು (ಎಡಿ) ಇಟ್ಟುಕೊಂಡು ಲಾಗಿನ್ ನೋಡಿಕೊಳ್ಳುವ ಸರ್ವರ್ ಅದು. ಹುಬ್ಬಳ್ಳಿಯ ಗೋಕುಲ ರೋಡಿನ ಕಾರ್ಖಾನೆಯಿರಲಿ, ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯಿರಲಿ, ಮುಂದಿನ ಕೆಲಸವೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ. ಒಂದೇ ಡಿಸಿ ಇದ್ದರೆ ಬ್ಯಾಕಪ್ಪೇ ಗತಿ. ಎರಡಿದ್ದು ಒಂದು ಸತ್ತರೆ ಬ್ಯಾಕಪ್ ಡಿಸ್ಕನ್ನು ಮುಟ್ಟಬೇಕಾಗಿಯೇ ಇಲ್ಲ. ಬೇಡದ ಕಡೆ ರಿಸ್ಟೋರ್ ಮಾಡಿ ಚೆನ್ನಾಗಿದ್ದ ಡೊಮೇನನ್ನೂ ಕೆಡಿಸಿಕೊಳ್ಳುವುದು ಬ್ಯಾಕಪ್ ಇಲ್ಲದಿರುವಷ್ಟೇ ದೊಡ್ಡ ಅಪಾಯ.

ಇಲ್ಲಿನ ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಯಾವುದನ್ನು ಬ್ಯಾಕಪ್ ಮಾಡಬೇಕು

ಯೂಸರ್, ಪಾಸ್‌ವರ್ಡ್, ಗ್ರೂಪ್, ಕಂಪ್ಯೂಟರ್ ಖಾತೆ ಎಲ್ಲವೂ ಎನ್‌ಟಿಡಿಎಸ್ ಡಾಟ್ ಡಿಐಟಿ ಎಂಬ ಒಂದೇ ಫೈಲಿನಲ್ಲಿರುತ್ತವೆ. ಟ್ಯಾಲಿ ಫೋಲ್ಡರಿನಂತೆ ಇದನ್ನು ಎಳೆದು ಪೆನ್‌ಡ್ರೈವಿಗೆ ಹಾಕಲು ಬರುವುದಿಲ್ಲ. ಸರ್ವರ್ ಓಡುತ್ತಿರುವಷ್ಟು ಹೊತ್ತೂ ಅದು ತೆರೆದೇ ಇರುತ್ತದೆ. ಹೇಗೋ ಕಾಪಿ ಮಾಡಿದರೂ ರಿಜಿಸ್ಟ್ರಿ, ಸಿಸ್‌ವಾಲ್ ಫೋಲ್ಡರ್ (ಪಾಲಿಸಿಗಳಿರುವ ಜಾಗ) ಜೊತೆಗಿಲ್ಲದೆ ಪ್ರಯೋಜನವಿಲ್ಲ. ಇವೆಲ್ಲ ಸೇರಿದ ಗಂಟಿಗೆ ಸಿಸ್ಟಮ್ ಸ್ಟೇಟ್ ಎಂದು ಹೆಸರು.

ಸಿಸ್ಟಮ್ ಸ್ಟೇಟ್ ಮಾತ್ರ ಇಟ್ಟುಕೊಂಡರೂ ಸಾಲದು. ಅದನ್ನು ಮರಳಿ ಹಾಕುವುದು ಅದೇ ವಿಂಡೋಸ್ ಮೇಲೆ. ಮದರ್‌ಬೋರ್ಡೇ ಸುಟ್ಟರೆ ಬೇಕಾಗುವುದು ಇಡೀ ಸರ್ವರಿನ ಪ್ರತಿ, ಅಂದರೆ ಬೇರ್ ಮೆಟಲ್ ಬ್ಯಾಕಪ್. ಅದರೊಳಗೆ ಸಿಸ್ಟಮ್ ಸ್ಟೇಟ್ ಕೂಡ ಬರುತ್ತದೆ, ಹಾಗಾಗಿ ಅದನ್ನೇ ತೆಗೆಯಿರಿ. ಸರ್ವರ್ ಮ್ಯಾನೇಜರಿನಲ್ಲಿ ವಿಂಡೋಸ್ ಸರ್ವರ್ ಬ್ಯಾಕಪ್ ಫೀಚರ್ ಸೇರಿಸಿ, ಎಕ್ಸ್‌ಟರ್ನಲ್ ಡಿಸ್ಕಿಗೆ ಇ ಅಕ್ಷರ ಕೊಟ್ಟು, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಕೊಡಿ:

ಡಬ್ಲ್ಯುಬಿಅಡ್ಮಿನ್ ಸ್ಟಾರ್ಟ್ ಬ್ಯಾಕಪ್ -ಬ್ಯಾಕಪ್‌ಟಾರ್ಗೆಟ್:ಇ: -ಆಲ್‌ಕ್ರಿಟಿಕಲ್ -ಸಿಸ್ಟಮ್‌ಸ್ಟೇಟ್ -ವಿಎಸ್‌ಎಸ್‌ಫುಲ್ -ಕ್ವಯಟ್

ಇದನ್ನು ಟಾಸ್ಕ್ ಶೆಡ್ಯೂಲರಿಗೆ ಹಾಕಿ ರಾತ್ರಿ 9ಕ್ಕೆ ಓಡಿಸಿ. ಬೇರೆ ಕಂಪ್ಯೂಟರಿನ ಶೇರ್ ಫೋಲ್ಡರಿಗೆ ಬ್ಯಾಕಪ್ ಕಳಿಸುವವರು ಒಂದು ಮಾತು ತಿಳಿದಿರಬೇಕು: ಅಲ್ಲಿ ಉಳಿಯುವುದು ಕೊನೆಯ ಪ್ರತಿ ಒಂದೇ. ಹೊಸದು ಹಳೆಯದನ್ನು ಅಳಿಸುತ್ತದೆ, ನಡುವೆ ಕರೆಂಟು ಹೋದರೆ ಎರಡೂ ಇಲ್ಲ. ಡಿಸ್ಕಿನಲ್ಲಾದರೆ ಜಾಗ ಇರುವವರೆಗೆ ಹಳೆಯ ಪ್ರತಿಗಳೂ ಇರುತ್ತವೆ.

ಡಿಸ್ಕ್ ಎರಡಿರಲಿ. ಸದಾ ಸಿಕ್ಕಿಸಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಸರ್ವರಿನ ಜೊತೆಗೇ ಲಾಕ್ ಮಾಡುತ್ತದೆ. ಒಂದು ಸರ್ವರಿನಲ್ಲಿದ್ದರೆ ಇನ್ನೊಂದು ಬೇರೆ ಕಟ್ಟಡದ ತಿಜೋರಿಯಲ್ಲಿರಲಿ. ವಾರಕ್ಕೊಮ್ಮೆ ಅದಲುಬದಲು ಮಾಡುವುದು ಒಳ್ಳೆಯದು. ಅದು ಮರೆತುಹೋಗುತ್ತದೆ ಎನ್ನುವವರು ಅಮಾವಾಸ್ಯೆಗಾದರೂ ಗಂಟು ಹಾಕಿಕೊಳ್ಳಿ, ಹೇಗೂ ಅಂದು ಅಂಗಡಿಯ ಯಂತ್ರಗಳಿಗೆಲ್ಲ ಪೂಜೆ ಇದ್ದೇ ಇರುತ್ತದೆ. ತಿಜೋರಿ ಎಂದದ್ದು ಸುಮ್ಮನಲ್ಲ: ಕಚೇರಿಯ ಪ್ರತಿಯೊಬ್ಬರ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗೂಢ ರೂಪ) ಆ ಡಿಸ್ಕಿನಲ್ಲಿದೆ. ಟೇಬಲ್ ಡ್ರಾಯರಿನಲ್ಲಿ ಇಡುವ ವಸ್ತುವಲ್ಲ.

ಬ್ಯಾಕಪ್ ನಿಜಕ್ಕೂ ಆಯಿತೇ ಎಂದು ನೋಡಲು ರೆಪ್‌ಅಡ್ಮಿನ್ /ಶೋಬ್ಯಾಕಪ್ ಕೊಡಿ, ಡೈರೆಕ್ಟರಿಯ ಪ್ರತಿ ಭಾಗಕ್ಕೂ ಕೊನೆಯ ಬ್ಯಾಕಪ್ ದಿನಾಂಕ ತೋರಿಸುತ್ತದೆ. ಡೈರೆಕ್ಟರಿ ಸರ್ವಿಸ್ ಲಾಗಿನಲ್ಲಿ 2089 ಈವೆಂಟ್ ಕಂಡರೆ ಬಹಳ ದಿನದಿಂದ ಬ್ಯಾಕಪ್ ಆಗಿಲ್ಲ ಎಂದೇ ಅರ್ಥ.

ಹಳೆಯ ಬ್ಯಾಕಪ್ಪಿಗೆ ಆಯುಷ್ಯವಿದೆ. ಅಳಿಸಿದ ಖಾತೆಯ ಗುರುತನ್ನು ಡೈರೆಕ್ಟರಿ 180 ದಿನ ಇಟ್ಟುಕೊಳ್ಳುತ್ತದೆ, 2003ರ ಕಾಲದಿಂದ ಬಂದ ಕೆಲವು ಡೊಮೇನುಗಳಲ್ಲಿ 60 ದಿನ ಮಾತ್ರ. ಅದಕ್ಕಿಂತ ಹಳೆಯ ಬ್ಯಾಕಪ್ ಹಾಕಿದರೆ ಎಂದೋ ಅಳಿಸಿದ ಖಾತೆಗಳು ಎದ್ದು ಕೂರುತ್ತವೆ. ಹಾಗಾಗಿ ಅಂಥದ್ದನ್ನು ಬಳಸಬಾರದು.

ಜಿಪಿಒ (ಕಂಪ್ಯೂಟರುಗಳಿಗೆ ಹಾಕುವ ಪಾಲಿಸಿ) ಮತ್ತು ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ಐಪಿ ವಿಳಾಸ ಹಂಚುವ ಸೇವೆ) ಸೆಟ್ಟಿಂಗನ್ನು ಬೇರೆಯಾಗಿಯೂ ಎಕ್ಸ್‌ಪೋರ್ಟ್ ಮಾಡಿಡಿ. ಒಂದು ಪಾಲಿಸಿ ಕೆಟ್ಟಿತೆಂದು ಇಡೀ ಡಿಸಿ ಹಿಂದಕ್ಕೆ ಒಯ್ಯುವ ಪ್ರಮೇಯ ಬರುವುದಿಲ್ಲ.

ಸ್ನ್ಯಾಪ್‌ಶಾಟ್ ನಂಬಬೇಡಿ

ವರ್ಚುವಲ್ ಮಷೀನಿನಲ್ಲಿ ಡಿಸಿ ಓಡಿಸುವವರು ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಎಂದುಕೊಂಡುಬಿಡುತ್ತಾರೆ. ಡಿಸಿಯಲ್ಲಿ ಆಗುವ ಪ್ರತಿ ಬದಲಾವಣೆಗೂ ಯುಎಸ್‌ಎನ್ ಎಂಬ ಏರುಸಂಖ್ಯೆ ಬೀಳುತ್ತದೆ. ಜೊತೆಯ ಡಿಸಿ "ಇವನಿಂದ 5000ದವರೆಗೆ ಪಡೆದಿದ್ದೇನೆ" ಎಂದು ನೆನಪಿಟ್ಟುಕೊಳ್ಳುತ್ತದೆ. ಹಳೆಯ ಸ್ನ್ಯಾಪ್‌ಶಾಟ್ ಹಾಕಿದಿರಿ, ಸಂಖ್ಯೆ 4000ಕ್ಕೆ ಇಳಿಯಿತು ಎನ್ನಿ. ಆಮೇಲೆ ನೀವು ಸೇರಿಸುವ ಹೊಸ ಯೂಸರಿಗೆ 4001 ಬೀಳುತ್ತದೆ, ಆ ಕಡೆಯ ಡಿಸಿ ಇದನ್ನು ಆಗಲೇ ಕಂಡಿದ್ದೇನೆಂದು ಬಿಟ್ಟುಬಿಡುತ್ತದೆ. ಎರಡು ಡಿಸಿಯ ಲೆಕ್ಕ ಶಾಶ್ವತವಾಗಿ ತಾಳೆಯಾಗುವುದಿಲ್ಲ. 2095 ಈವೆಂಟ್ ಇದರ ಗುರುತು. ಸರ್ವರ್ 2012ರಿಂದ ಈಚೆಗೆ ಹೈಪರ್‌ವೈಸರ್ (ವರ್ಚುವಲ್ ಮಷೀನ್ ಓಡಿಸುವ ತಂತ್ರಾಂಶ) ಕೂಡ ಸಹಕರಿಸಿದರೆ ಇದನ್ನು ತಡೆಯುವ ವ್ಯವಸ್ಥೆ ಬಂದಿದೆ. ಆದರೂ ಸ್ನ್ಯಾಪ್‌ಶಾಟ್ ಇರುವುದು ಅದೇ ಹೋಸ್ಟಿನ ಡಿಸ್ಕಿನಲ್ಲೇ ಅಲ್ಲವೇ? ಡಿಸ್ಕ್ ಹೋದರೆ ಎರಡೂ ಹೋದವು.

ಯಾರೋ ಯೂಸರ್ ಅಳಿಸಿದರೆ

ಇದಕ್ಕೆ ರಿಸ್ಟೋರ್ ಬೇಡ. ಎಡಿ ರಿಸೈಕಲ್ ಬಿನ್ ಇವತ್ತೇ ಚಾಲೂ ಮಾಡಿ. ಫಾರೆಸ್ಟ್ ಮಟ್ಟ (ಇಡೀ ಡೈರೆಕ್ಟರಿಗೆ ನಿಗದಿಯಾದ ವಿಂಡೋಸ್ ಸರ್ವರ್ ಆವೃತ್ತಿಯ ಮಟ್ಟ) 2008 ಆರ್2 ಅಥವಾ ಮೇಲಿರಬೇಕು, ಒಮ್ಮೆ ಚಾಲೂ ಆದರೆ ಬಂದ್ ಮಾಡಲು ಬರುವುದಿಲ್ಲ, ಬಂದ್ ಮಾಡಬೇಕಾದ ಕಾರಣವೂ ಇಲ್ಲ. ಅಳಿಸಿದ ಖಾತೆಯನ್ನು ಎಡಿ ಅಡ್ಮಿನಿಸ್ಟ್ರೇಟಿವ್ ಸೆಂಟರಿನಿಂದ ಗ್ರೂಪುಗಳ ಸಮೇತ ವಾಪಸ್ ತರಬಹುದು. ಚಾಲೂ ಮಾಡುವ ಮೊದಲು ಅಳಿಸಿದ್ದಕ್ಕೆ ಇದು ಒದಗುವುದಿಲ್ಲ.

ಎರಡರಲ್ಲಿ ಒಂದು ಡಿಸಿ ಸತ್ತರೆ

ಹುಬ್ಬಳ್ಳಿಯಲ್ಲೊಂದು, ಸುಮಾರು 20 ಕಿ.ಮೀ. ದೂರದ ಧಾರವಾಡ ಶಾಖೆಯಲ್ಲೊಂದು ಡಿಸಿ ಇಟ್ಟು ನಡುವೆ ವಿಪಿಎನ್ ಹಾಕಿದ್ದರೆ ಅದೇ ಒಳ್ಳೆಯ ವಿಮೆ. ಆದರೆ ಶಾಖೆಯದು ರೀಡ್-ಓನ್ಲಿ ಡಿಸಿ (ಓದಲು ಮಾತ್ರ, ಬದಲಾವಣೆ ಬರೆಯಲಾಗದ್ದು) ಆಗಿದ್ದರೆ ಲೆಕ್ಕಕ್ಕಿಲ್ಲ. ಬದುಕಿರುವ ಡಿಸಿಯಲ್ಲಿ ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ ಕೊಟ್ಟು ಐದು ಪಾತ್ರಗಳು (ಒಂದು ಸಲಕ್ಕೆ ಒಂದೇ ಡಿಸಿ ಹೊರುವ ವಿಶೇಷ ಹೊಣೆಗಳು) ಯಾರ ಬಳಿ ಇವೆ ನೋಡಿ. ಸತ್ತದ್ದರ ಬಳಿ ಇದ್ದರೆ ಎನ್‌ಟಿಡಿಎಸ್‌ಯುಟಿಲ್‌ನಿಂದ ಸೀಜ್ ಮಾಡಿ, ಅಂದರೆ ಕಿತ್ತುಕೊಳ್ಳಿ. ನಂತರ ಡೊಮೇನ್ ಕಂಟ್ರೋಲರ್ಸ್ ಒಯುನಲ್ಲಿ (ಡೈರೆಕ್ಟರಿಯೊಳಗಿನ ಫೋಲ್ಡರ್) ಸತ್ತ ಸರ್ವರಿನ ಖಾತೆ ಅಳಿಸಿ, ಹೊಸ ವಿಂಡೋಸ್ ಹಾಕಿ ಹೊಸದಾಗಿ ಡಿಸಿ ಮಾಡಿ. ಪಾತ್ರ ಕಿತ್ತುಕೊಂಡ ಮೇಲೆ ಹಳೆಯ ಸರ್ವರ್ ರಿಪೇರಿಯಾಗಿ ಬಂದರೂ ಆ ವಿಂಡೋಸನ್ನು ನೆಟ್‌ವರ್ಕಿಗೆ ಸೇರಿಸಲೇಬೇಡಿ, ಫಾರ್ಮ್ಯಾಟ್ ಮಾಡಿ. ಒಂದು ಡಿಸಿ ಬದುಕಿದ್ದರೂ ಲಾಗಿನ್ ಆಗದಿದ್ದರೆ ಸಾಮಾನ್ಯವಾಗಿ ಕಂಪ್ಯೂಟರುಗಳ ಡಿಎನ್‌ಎಸ್ (ಸರ್ವರ್ ಹುಡುಕುವ) ಸೆಟ್ಟಿಂಗಿನಲ್ಲಿ ಸತ್ತ ಸರ್ವರಿನ ಐಪಿ ಒಂದೇ ಇರುತ್ತದೆ. ಡಿಎಚ್‌ಸಿಪಿಯಲ್ಲಿ ಎರಡನ್ನೂ ಮೊದಲೇ ಕೊಟ್ಟಿರಬೇಕು.

ಇದ್ದ ಒಂದೇ ಡಿಸಿ ಬಿದ್ದರೆ

ಹಾರ್ಡ್‌ವೇರ್ ಚೆನ್ನಾಗಿದ್ದು ಡೇಟಾಬೇಸ್ ಮಾತ್ರ ಕೆಟ್ಟಿದ್ದರೆ ಡಿಎಸ್‌ಆರ್‌ಎಂ ಮೋಡಿಗೆ (ಡೈರೆಕ್ಟರಿಯನ್ನು ಬಂದ್ ಇಟ್ಟು ರಿಪೇರಿ ಮಾಡಲು ಬೂಟ್ ಆಗುವ ಬಗೆ) ಹೋಗಬೇಕು. ಬಿಸಿಡಿಎಡಿಟ್ /ಸೆಟ್ ಸೇಫ್‌ಬೂಟ್ ಡಿಎಸ್‌ರಿಪೇರ್ ಕೊಟ್ಟು ರೀಸ್ಟಾರ್ಟ್ ಮಾಡಿ, ಚುಕ್ಕಿ, ಬ್ಯಾಕ್‌ಸ್ಲ್ಯಾಶ್, ಅಡ್ಮಿನಿಸ್ಟ್ರೇಟರ್ ಎಂದು ಲಾಗಿನ್ ಆಗಿ. ಇಲ್ಲಿ ಡೊಮೇನ್ ಪಾಸ್‌ವರ್ಡ್ ನಡೆಯದು, ಡಿಸಿ ಮಾಡಿದ ದಿನ ಕೊಟ್ಟ ಡಿಎಸ್‌ಆರ್‌ಎಂ ಪಾಸ್‌ವರ್ಡ್ ಬೇಕು. ನೆನಪಿಲ್ಲವೇ? ಸರ್ವರ್ ಚೆನ್ನಾಗಿರುವ ಈಗಲೇ ಎನ್‌ಟಿಡಿಎಸ್‌ಯುಟಿಲ್‌ನ ಸೆಟ್ ಡಿಎಸ್‌ಆರ್‌ಎಂ ಪಾಸ್‌ವರ್ಡ್ ಮೂಲಕ ಹೊಸದು ಕೊಟ್ಟು ಚೀಟಿಯನ್ನು ಅದೇ ತಿಜೋರಿಗೆ ಹಾಕಿ.

ಡಬ್ಲ್ಯುಬಿಅಡ್ಮಿನ್ ಗೆಟ್ ವರ್ಷನ್ಸ್ ಕೊಟ್ಟರೆ ಪ್ರತಿಗಳ ಪಟ್ಟಿ ಬರುತ್ತದೆ. ವರ್ಷನ್ ಐಡೆಂಟಿಫೈಯರಿನಲ್ಲಿ ಬಹಳ ಜನ ಎಡವುತ್ತಾರೆ. ಅದರಲ್ಲಿ ತಿಂಗಳು ಮೊದಲು, ದಿನ ಆಮೇಲೆ, ಮತ್ತು ಸಮಯ ನಮ್ಮದಲ್ಲ, ಐದೂವರೆ ಗಂಟೆ ಹಿಂದಿನದು. ರಾತ್ರಿ 9ರ ಬ್ಯಾಕಪ್ 15:30 ಎಂದೂ, ನಸುಕಿನ 2ರದು ಹಿಂದಿನ ದಿನದ 20:30 ಎಂದೂ ಕಾಣುತ್ತದೆ. ಅಲ್ಲಿರುವುದನ್ನೇ ಇದ್ದಂತೆ ಬರೆಯಿರಿ:

ಡಬ್ಲ್ಯುಬಿಅಡ್ಮಿನ್ ಸ್ಟಾರ್ಟ್ ಸಿಸ್ಟಮ್‌ಸ್ಟೇಟ್‌ರಿಕವರಿ -ವರ್ಷನ್:(ಪಟ್ಟಿಯಲ್ಲಿದ್ದದ್ದು) -ಬ್ಯಾಕಪ್‌ಟಾರ್ಗೆಟ್:ಇ: -ಆಥ್‌ಸಿಸ್‌ವಾಲ್

ಕೊನೆಯ ಆಥ್‌ಸಿಸ್‌ವಾಲ್ "ಈ ಪ್ರತಿಯೇ ಮೂಲ" ಎಂದು ಹೇಳುವುದಕ್ಕೆ. ಒಂದೇ ಡಿಸಿ ಇದ್ದಾಗ ಮಾತ್ರ ಸೇರಿಸಿ. ಬೇರೆ ಡಿಸಿ ಬದುಕಿದ್ದಾಗ ಹಾಕಿದರೆ ಅಲ್ಲಿರುವ ಹೊಸ ಪಾಲಿಸಿಗಳ ಮೇಲೆ ಹಳೆಯವು ಕೂರುತ್ತವೆ. ಮುಗಿದ ಮೇಲೆ ಬಿಸಿಡಿಎಡಿಟ್ /ಡಿಲೀಟ್‌ವ್ಯಾಲ್ಯೂ ಸೇಫ್‌ಬೂಟ್ ಕೊಡಿ, ಇಲ್ಲವಾದರೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದೇ ಮೋಡಿಗೆ ಬಂದು ನಿಲ್ಲುತ್ತದೆ.

ಯಂತ್ರವೇ ಹೋಗಿದ್ದರೆ ಹೊಸ ಸರ್ವರನ್ನು ವಿಂಡೋಸ್ ಸರ್ವರ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ರಿಪೇರ್ ಯುವರ್ ಕಂಪ್ಯೂಟರ್, ಟ್ರಬಲ್‌ಶೂಟ್, ಸಿಸ್ಟಮ್ ಇಮೇಜ್ ರಿಕವರಿ ಎಂದು ಹೋಗಿ. ಕೈಕೊಡುವ ಜಾಗ ಮೂರು. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿದ್ದರೆ, ತುಂಬಿದ್ದ ಡೇಟಾ ಎಷ್ಟೇ ಕಡಿಮೆ ಇದ್ದರೂ ಒಪ್ಪುವುದಿಲ್ಲ. ಹಳೆಯದು ಯುಇಎಫ್‌ಐ (ಹೊಸ ಬಗೆಯ ಬೂಟ್ ವಿಧಾನ) ಆಗಿದ್ದರೆ ಹೊಸದೂ ಯುಇಎಫ್‌ಐನಲ್ಲೇ ಬೂಟ್ ಆಗಬೇಕು. ವಿಂಡೋಸ್‌ಇಮೇಜ್‌ಬ್ಯಾಕಪ್ ಫೋಲ್ಡರ್ ಡಿಸ್ಕಿನ ರೂಟಿನಲ್ಲೇ, ಅಂದರೆ ಮೊದಲ ಹಂತದಲ್ಲೇ ಇರಬೇಕು, ಅಚ್ಚುಕಟ್ಟಿಗೆಂದು ಇನ್ನೊಂದು ಫೋಲ್ಡರಿನೊಳಗೆ ಸರಿಸಿದ್ದರೆ ಇಮೇಜೇ ಸಿಗಲಿಲ್ಲ ಎನ್ನುತ್ತದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಜೋರಿರುವ ದಿನ ಇದನ್ನೆಲ್ಲ ಮೊದಲ ಸಲ ಮಾಡುತ್ತ ಕೂರಬೇಡಿ. ಆರು ತಿಂಗಳಿಗೊಮ್ಮೆ ಹೈಪರ್-ವಿಯಲ್ಲಿ ಪ್ರೈವೇಟ್ ಸ್ವಿಚ್ ಮೇಲೆ ಒಂದು ಖಾಲಿ ವರ್ಚುವಲ್ ಮಷೀನ್ ಮಾಡಿ ಅಲ್ಲಿ ಎಬ್ಬಿಸಿ ನೋಡಿ. ಅಪ್ಪಿತಪ್ಪಿಯೂ ಅದು ಕಚೇರಿಯ ನೆಟ್‌ವರ್ಕಿಗೆ ತಾಗಬಾರದು.

ಎದ್ದ ಮೇಲೆ

ಗಡಿಯಾರ ಮೊದಲು ನೋಡಿ. ಸರ್ವರಿಗೂ ಕಂಪ್ಯೂಟರಿಗೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಕರ್ಬೆರೊಸ್ (ಲಾಗಿನ್ ಪರೀಕ್ಷಿಸುವ ವ್ಯವಸ್ಥೆ) ಬಿಡುವುದಿಲ್ಲ. ನೆಟ್ ಶೇರ್ ಕೊಟ್ಟಾಗ ಸಿಸ್‌ವಾಲ್, ನೆಟ್‌ಲಾಗನ್ ಎರಡೂ ಕಾಣಬೇಕು. ಡಿಸಿಯ ಆರೋಗ್ಯ ತಪಾಸಿಸುವ ಡಿಸಿಡಯಾಗ್ ಓಡಿಸಿ.

ಕೆಲವು ಕಂಪ್ಯೂಟರುಗಳು ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ ಎನ್ನಬಹುದು. ಕಂಪ್ಯೂಟರ್ ಖಾತೆಗೂ ಪಾಸ್‌ವರ್ಡ್ ಇದೆ, ಅದು 30 ದಿನಕ್ಕೊಮ್ಮೆ ತಾನಾಗಿ ಬದಲಾಗುತ್ತದೆ. ಬ್ಯಾಕಪ್ ಆದ ಮೇಲೆ ಬದಲಾಗಿದ್ದರೆ ಸರ್ವರಿಗೆ ಗೊತ್ತಿರುವುದು ಹಳೆಯದು. ಡೊಮೇನಿನಿಂದ ತೆಗೆದು ಮತ್ತೆ ಸೇರಿಸುವ ತಾಪತ್ರಯ ಬೇಡ. ಆ ಕಂಪ್ಯೂಟರಿಗೆ ಲೋಕಲ್ ಅಡ್ಮಿನ್ ಆಗಿ ಹೋಗಿ ಪವರ್‌ಶೆಲ್ಲಿನಲ್ಲಿ ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ -ರಿಪೇರ್ -ಕ್ರೆಡೆನ್ಶಿಯಲ್ ಎಂದು ಡೊಮೇನ್ ಅಡ್ಮಿನ್ ಹೆಸರು ಕೊಟ್ಟರೆ ಸಾಕು. ಬ್ಯಾಕಪ್ ಆದ ನಂತರ ಪಾಸ್‌ವರ್ಡ್ ಬದಲಿಸಿದ ಸಿಬ್ಬಂದಿಗೆ ಹಳೆಯದನ್ನೇ ಹಾಕಲು ಹೇಳಿ. ಎಲ್ಲರೂ ಲಾಗಿನ್ ಆದ ಮೇಲೆ, ಅಂದೇ ರಾತ್ರಿಯವರೆಗೂ ಕಾಯದೆ, ತಿಜೋರಿಯಲ್ಲಿದ್ದ ಎರಡನೇ ಡಿಸ್ಕಿಗೆ ಹೊಸ ಬ್ಯಾಕಪ್ ತೆಗೆಯಿರಿ.