‘ಯಾರಿಗೂ ಹೇಳಲ್ಲ ಅಲ್ವಾ?’ ಎಂದು ಕ್ಲೈಂಟ್ ಕೇಳಿದರೆ: ಕೌನ್ಸೆಲಿಂಗ್ ಇಂಟರ್ನ್‌ಗಳು ಮಾಡಬೇಕಾದ್ದೇನು?

ಇಂಟರ್ನ್‌ಶಿಪ್ ಶುರುವಾಗಿ ಎರಡೋ ಮೂರೋ ವಾರ ಆಗಿರುತ್ತದೆ. ಎದುರಿಗೆ ಕೂತವರು ಮಾತು ನಿಲ್ಲಿಸಿ, ‘ಇದನ್ನು ಯಾರಿಗೂ ಹೇಳಲ್ಲ ಅಲ್ವಾ?’ ಎಂದು ಕೇಳುತ್ತಾರೆ. ‘ಖಂಡಿತ ಹೇಳಲ್ಲ’ ಎಂಬ ಮಾತು ನಾಲಿಗೆ ತುದಿಗೆ ಬಂದುಬಿಡುತ್ತದೆ. ದಯವಿಟ್ಟು ಆ ಮಾತು ಕೊಡಬೇಡಿ. ಅದನ್ನು ಉಳಿಸಿಕೊಳ್ಳುವುದು ಇಂಟರ್ನ್ ಕೈಯಲ್ಲಿಲ್ಲ.

ನಿಜ ಹೇಳಬೇಕೆಂದರೆ, ಇದಕ್ಕೆ ಉತ್ತರ ಮೊದಲ ಭೇಟಿಯಲ್ಲೇ ಸಿಕ್ಕಿರಬೇಕು. ಸಹಿ ಹಾಕಿಸುವ ಫಾರಂನಲ್ಲಿ ಎಲ್ಲವೂ ಇರುತ್ತದೆ. ಆದರೆ ನೊಂದು ಬಂದವರು ಅದನ್ನು ಓದುವ ಸ್ಥಿತಿಯಲ್ಲಿ ಇರುವುದಿಲ್ಲ. ಬಾಯಿಬಿಟ್ಟು ಹೇಳಿ: ‘ನಾನಿನ್ನೂ ಕಲಿಯುತ್ತಿದ್ದೇನೆ. ನಾವು ಮಾತಾಡಿದ್ದನ್ನು ನನ್ನ ಸೂಪರ್‌ವೈಸರ್ ಜೊತೆ ಚರ್ಚಿಸುತ್ತೇನೆ. ಅದರಾಚೆಗೆ ಹೋಗುವುದಿಲ್ಲ. ಆದರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದ್ದರೆ, ಮಗುವಿಗೆ ಹಿಂಸೆಯಾಗುತ್ತಿದ್ದರೆ ಅಥವಾ ಕೋರ್ಟ್ ಆದೇಶಿಸಿದರೆ ಹೇಳಬೇಕಾಗಬಹುದು.’ ಹೀಗೆಂದರೆ ಅವರು ಮನಸ್ಸು ಬಿಚ್ಚುವುದಿಲ್ಲ ಎಂದು ಹೆದರಬೇಡಿ. ಗೊತ್ತಿಲ್ಲದೆ ಹೇಳಿ ಆಮೇಲೆ ಮೋಸ ಹೋದೆ ಅನ್ನಿಸುವುದಕ್ಕಿಂತ, ಗೊತ್ತಿದ್ದು ಹೇಳುವುದು ಮೇಲು.

ಈಗ ಕಷ್ಟದ ಮಾತು ಬಂದೇಬಿಟ್ಟಿತು ಅಂದುಕೊಳ್ಳಿ. ಮೊದಲು, ಕೇಳಿದ್ದನ್ನೂ ಊಹಿಸಿದ್ದನ್ನೂ ಬೇರೆ ಮಾಡಿ. ‘ಬದುಕು ಸಾಕಾಗಿದೆ’ ಎಂದರೆ ಸಾಯುವ ಯೋಚನೆ ಎಂದು ನೀವೇ ತೀರ್ಮಾನಿಸಬೇಡಿ. ಸುಮ್ನೆ ಬಿಟ್ಟುಬಿಡಲೂ ಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ, ಹೇಗೆ, ಯಾವಾಗ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ ಎಂದು ತಿಳಿದುಕೊಳ್ಳಿ. ಇನ್ನೊಬ್ಬರಿಗೆ ಕೇಡು ಮಾಡುವ ಮಾತಿದ್ದರೂ ಅಷ್ಟೇ: ಯಾರಿಗೆ, ಎಷ್ಟು ಬೇಗ? ಅಪಾಯ ಹತ್ತಿರವಿದ್ದರೆ ಅವರನ್ನು ಒಂಟಿಯಾಗಿ ಕಳಿಸಬೇಡಿ. ಅಲ್ಲಿಂದಲೇ ಸೂಪರ್‌ವೈಸರ್‌ ಅನ್ನು ಕರೆಸಿ. ಅಷ್ಟು ತುರ್ತಿಲ್ಲದಿದ್ದರೂ ಆ ದಿನವೇ ಹೇಳಿ, ಮುಂದಿನ ವಾರದ ಮೀಟಿಂಗಿಗೆ ಕಾಯಬೇಡಿ.

ಇಲ್ಲಿ ಒಂದು ಹಳೆಯ ಪ್ರಕರಣ ನೆನಪಿಸಲೇಬೇಕು. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯೊಬ್ಬ, ಯುವತಿಯೊಬ್ಬಳನ್ನು ಕೊಲ್ಲುವುದಾಗಿ ತನ್ನ ಥೆರಪಿಸ್ಟ್ ಬಳಿ ಹೇಳಿದ್ದ. ಥೆರಪಿಸ್ಟ್ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ ಬಿಟ್ಟು ಕಳಿಸಿದರು. ಥೆರಪಿಸ್ಟ್‌ಗಿಂತ ಮೇಲಿನವರು ಮುಂದೆ ಯಾವ ಕ್ರಮವೂ ಬೇಡ ಎಂದರು, ನೋಟ್ಸ್ ನಾಶಮಾಡಲು ಹೇಳಿದರು. ಟಟಿಯಾನಾ ತಾರಾಸಾಫ್ ಎಂಬ ಆ ಯುವತಿಗಾಗಲಿ, ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಡಲಿಲ್ಲ. ಅವಳ ಕೊಲೆಯಾಯಿತು. ಅಪಾಯದಲ್ಲಿರುವವರನ್ನು ಕಾಪಾಡಲು ಸೂಕ್ತ ಕ್ರಮ ತೆಗೆದುಕೊಳ್ಳುವುದು ಥೆರಪಿಸ್ಟರ ಹೊಣೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು.

ಇದನ್ನು ‘ಗುಟ್ಟು ಯಾವಾಗ ಬಿಡಬಹುದು’ ಎಂಬುದಕ್ಕೆ ಉದಾಹರಣೆಯಾಗಿ ಪಾಠ ಮಾಡುತ್ತಾರೆ. ನನಗೆ ಜಾಸ್ತಿ ಕಾಡುವುದು ಆ ‘ಮುಂದೆ ಯಾವ ಕ್ರಮವೂ ಬೇಡ’ ಎಂಬ ಮಾತು. ಸೂಪರ್‌ವೈಸರ್ ಹೇಳಿದ್ದು ತಪ್ಪು ಅನ್ನಿಸಿದರೆ ಅವರಿಗೇ ಹೇಳಿ. ಆಗಲೂ ಸಮಾಧಾನವಾಗದಿದ್ದರೆ ಸಂಸ್ಥೆಯ ಇನ್ನೊಬ್ಬ ಹಿರಿಯರ ಬಳಿ, ಕಾಲೇಜಿನ ಮಾರ್ಗದರ್ಶಕರ ಬಳಿ ಹೋಗಿ. ಕಲಿಯುವವರು ಎಂಬ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿರಬೇಕಿಲ್ಲ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಮಕ್ಕಳ ಮೇಲಿನ ದೌರ್ಜನ್ಯವನ್ನು ವರದಿ ಮಾಡುವುದು ಹಲವು ಕಡೆ ಕಡ್ಡಾಯ. ನಿಮ್ಮಲ್ಲಿನ ನಿಯಮವನ್ನೂ ಸಂಸ್ಥೆಯ ಕ್ರಮವನ್ನೂ ಮೊದಲ ವಾರವೇ ಓದಿಟ್ಟುಕೊಳ್ಳಿ.

ಹೇಳಲೇಬೇಕು ಎಂದು ತೀರ್ಮಾನವಾದರೆ, ಅಪಾಯ ಹೆಚ್ಚುವ ಭಯವಿಲ್ಲದಿದ್ದಾಗ ಕ್ಲೈಂಟ್‌ಗೇ ಮೊದಲು ತಿಳಿಸಿ. ‘ಫೋನ್ ಮಾಡುವಾಗ ನೀವೂ ಇಲ್ಲೇ ಇರುತ್ತೀರಾ?’ ಎಂದು ಕೇಳಿ. ಎಷ್ಟು ಬೇಕೋ ಅಷ್ಟೇ ಹೇಳಿ. ಆತ್ಮಹತ್ಯೆಯ ಅಪಾಯದ ಬಗ್ಗೆ ಅಕ್ಕನಿಗೆ ತಿಳಿಸುವಾಗ, ಮುರಿದುಬಿದ್ದ ಪ್ರೀತಿಯ ಕತೆ ಬೇಕಾಗಿಲ್ಲ.

ಇಷ್ಟು ದೊಡ್ಡ ಪ್ರಸಂಗ ದಿನಾ ಬರುವುದಿಲ್ಲ. ದಿನಾ ಸೋರುವುದು ಸಣ್ಣ ಸಣ್ಣದು. ಲಿಫ್ಟ್‌ನಲ್ಲಿ ಗೆಳತಿಯ ಜೊತೆ ಆಡಿದ ಮಾತು, ಲಾಕ್ ಇಲ್ಲದ ಫೋನಿನಲ್ಲಿ ಉಳಿದ ರೆಕಾರ್ಡಿಂಗ್, ವಾಟ್ಸಾಪ್‌ನಲ್ಲಿ ಕೇಳಿದ ಸಲಹೆ. ಕ್ಲಾಸಿನಲ್ಲಿ ಕೇಸ್ ಹೇಳುವಾಗ ಹೆಸರು ಬದಲಿಸಿದರೆ ಸಾಲದು. ವಯಸ್ಸು, ಕೆಲಸ, ಮನೆಯ ವಿವರ ಮೂರೂ ಸೇರಿದರೆ ಗುರುತು ಸಿಕ್ಕೇಬಿಡುತ್ತದೆ. ವಯಸ್ಕ ಕ್ಲೈಂಟ್ ಬಗ್ಗೆ ಮನೆಯವರು ಫೋನ್ ಮಾಡಿದರೆ, ‘ಹೌದು, ಇಲ್ಲಿಗೆ ಬರುತ್ತಾರೆ’ ಎನ್ನುವುದೂ ಗುಟ್ಟು ಬಿಟ್ಟಂತೆಯೇ.

ತೀರ್ಮಾನ ಏನೇ ಆಗಲಿ, ಆ ದಿನವೇ ಬರೆದಿಡಿ: ಕ್ಲೈಂಟ್ ಆಡಿದ ಮಾತು, ನೀವು ಯಾರನ್ನು ಕೇಳಿದಿರಿ, ಯಾವ ದಾರಿಗಳನ್ನು ಯೋಚಿಸಿದಿರಿ, ಇದನ್ನೇ ಯಾಕೆ ಆರಿಸಿದಿರಿ. ಆಮೇಲೆ ಮುಂದಿನ ಸೆಷನ್‌ನಲ್ಲಿ, ‘ನಾನು ಬೇರೆಯವರಿಗೆ ಹೇಳಿದ್ದಕ್ಕೆ ನಿಮಗೆ ಏನನ್ನಿಸಿತು?’ ಎಂದು ಕೇಳಿ. ಸಿಟ್ಟು ಬಂದಿದ್ದರೆ ಆ ಸಿಟ್ಟನ್ನು ಪೂರ್ತಿ ಕೇಳಿಸಿಕೊಳ್ಳಿ.